ಅಳ್ಳವ್ವನ ಕೌದಿ

ಮಿಶ್ರಿಕೋಟಿಯಲ್ಲಿ ರೇವವ್ವ ಹೊಲಿದ ಕೌದಿ ಇಲ್ಲದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ದೇವಿಕೊಪ್ಪದಿಂದ ಸೊಸೆಯಾಗಿ ಬರುವಾಗ ಆಕೆ ತಂದದ್ದು ಒಂದು ದಪ್ಪ ಸೂಜಿ, ಅವ್ವ ಕಲಿಸಿದ ಹೊಲಿಗೆ ಮತ್ತು ಬೇಕಾದಷ್ಟು ಹಟ. ಹಳೆಯ ಸೀರೆ, ಧೋತರ ತಂದುಕೊಟ್ಟರೆ ಹದಿನೈದು ದಿನದಲ್ಲಿ ಕೌದಿ ಸಿದ್ಧ. ಅವಸರ ಮಾಡಿದವರಿಗೆ ಕೌದಿಗಿಂತ ಮೊದಲು ಬೈಗುಳ ಸಿಗುತ್ತಿತ್ತು. ಹೊಲಿಗೆಯೆಲ್ಲ ಮುಗಿದ ಮೇಲೂ ನಟ್ಟನಡುವೆ ಅಂಗೈಯಗಲ ಜಾಗ ಬಿಟ್ಟಿರುವಳು. ಅಲ್ಲಿ ಒಂದು ಚೂರು ಒಣರೊಟ್ಟಿ ಇಟ್ಟು ಮೇಲೆ ತೇಪೆ ಹಾಕಿದರೇ ಅದು ಕೌದಿ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಹಸಿದ ಕೌದಿಯ ಮೇಲೆ ಮಲಗಿದ ಜೀವ ಬಹಳ ದಿನ ಇರುವುದಿಲ್ಲ ಎಂದು ಅವ್ವ ಹೆದರಿಸಿದ್ದಳು. ಮೂವತ್ತು ವರ್ಷದಲ್ಲಿ ರೇವವ್ವ ಒಂದೇ ಒಂದು ಕೌದಿಯನ್ನೂ ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟಿಸಿರಲಿಲ್ಲ.

ಅಳ್ಳವ್ವ ಮನೆಗೆ ಬಂದದ್ದು ಅರವತ್ತೊಂಬತ್ತರ ನಾಗರಪಂಚಮಿಗೆ. ಧಾರವಾಡದ ಕಾಲೇಜೊಂದರಲ್ಲಿ ತೋಟದ ಕೆಲಸಕ್ಕಿದ್ದ ತಮ್ಮ ಲಕ್ಷ್ಮಣಪ್ಪ ಸೀರೆ ತರುತ್ತಾನೆಂದು ಅಕ್ಕ ಕಾದಿದ್ದರೆ, ಅವನು ಬುಟ್ಟಿಯಲ್ಲಿ ಮೊಲದ ಮರಿ ತಂದಿದ್ದ. ಹಬ್ಬಕ್ಕೆಂದು ಹುರಿದ ಜೋಳದ ಅಳ್ಳಿನಷ್ಟೇ ಬೆಳ್ಳಗಿದ್ದುದರಿಂದ ಅದು ಅಳ್ಳವ್ವನಾಯಿತು.

"ಇದನ್ನ ಇಟಗೊಂಡು ಏನ್ ಮಾಡೂದು? ಹಾಲು ಕೊಡೂದಿಲ್ಲ, ಗಳೇ ಎಳಿಯೂದಿಲ್ಲ" ಎಂದು ಗಂಡ ಮಡಿವಾಳೆಪ್ಪ ಗೊಣಗಿದ. ಎಂಟು ದಿನ ಕಳೆಯುವುದರೊಳಗೆ ಅವನೇ ಹೊಲದಿಂದ ಬರುವಾಗ ಹೆಗಲ ಮೇಲಿನ ವಸ್ತ್ರದ ತುದಿಯಲ್ಲಿ ಹತ್ತರಕಿ ಸೊಪ್ಪು ಕಟ್ಟಿಕೊಂಡು ಬರತೊಡಗಿದ. ಕೇಳಿದರೆ, ಎತ್ತಿಗೆ ತಂದೆ ಎನ್ನುವನು. ಅಷ್ಟು ಸೊಪ್ಪಿಗೆ ಎತ್ತಿನ ಹೊಟ್ಟೆ ತುಂಬುವಂತಿದ್ದರೆ ಊರಿನ ರೈತರೆಲ್ಲ ಎಂದೋ ಉದ್ಧಾರವಾಗುತ್ತಿದ್ದರು.

ಏಳು ವರ್ಷ ಅಳ್ಳವ್ವ ಮನೆತುಂಬ ಜಿಗಿದಾಡಿತು. ಎಪ್ಪತ್ತಾರರ ಚಳಿಗೆ ಅದರ ಹಿಂಗಾಲು ಬಿಗಿದುಕೊಂಡವು. ಸಗಣಿ ಸಾರಿಸಿದ ನುಣ್ಣನೆಯ ನೆಲದ ಮೇಲೆ ಏಳಲು ಹೋದರೆ ಕಾಲು ಅತ್ತಿತ್ತ ಜಾರಿ ಕುಸಿದು ಕೂರುತ್ತಿತ್ತು. ರೇವವ್ವ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಕಲಘಟಗಿಯ ದನದ ದವಾಖಾನೆಗೆ ಹೋದಳು. ಕಂಪೌಂಡರು ಮೊದಲು ನಕ್ಕ. ಆಮೇಲೆ ಕಾಲು ಮುಟ್ಟಿ ನೋಡಿ ನಗು ನಿಲ್ಲಿಸಿದ.

"ವಯಸ್ಸಾಗೇತ್ರಿ ಯವ್ವಾ. ಕೀಲು ಹಿಡಕೊಂಡಾವು. ಹೊಳ್ಳಿ ಮೊದಲಿನಂಗ ಆಗೂದಿಲ್ಲ. ಕೆಳಗ ಮೆತ್ತಗ ಹಾಸ್ರಿ, ಥಂಡಿ ತಾಗಸಬ್ಯಾಡ್ರಿ, ತಿನ್ನೂದು ಬಾಯಿ ಮುಂದ ಇಡ್ರಿ."

"ನನ್ನ ಮೊಣಕಾಲಿಗೂ ಇದ ಔಷಧ ಏನ್ರಿ?" ಎಂದಳು ರೇವವ್ವ. ಅವನು ಹೌದ್ರಿ ಎಂದ.

ಅಂದಿನಿಂದ ಮೊಲದ ಮೂಲೆಯನ್ನು ಸಾರಿಸುವುದು ನಿಂತಿತು. ಜಾರದಿರಲೆಂದು ಅಲ್ಲಿ ಗೋಣಿಚೀಲ ಹಾಸಿದಳು. ಮೈ ಎತ್ತಲಾಗದ ಜೀವಕ್ಕೆ ಎತ್ತರದ ಗಡಿಗೆಯಲ್ಲಿ ನೀರಿಟ್ಟರೆ ಹೇಗೆ ಕುಡಿದೀತೆಂದು ಚಪ್ಪಟೆ ಮುಚ್ಚಳದಲ್ಲಿ ಇಟ್ಟಳು. ದಿನವೂ ಬೆಚ್ಚನೆಯ ನೀರಲ್ಲಿ ಅರಿವೆ ಅದ್ದಿ ಹಿಂದುಗಡೆ ಒರೆಸಿ, ಒಣಗಿಸಿ, ಎಳೆಬಿಸಿಲಿಗೆ ಕೂರಿಸುವಳು. ಆದರೂ ಗೋಣಿಯ ಒರಟಿಗೆ ಪಾದದ ಕೂದಲುದುರಿ ಹುಣ್ಣಾಗತೊಡಗಿತು. ಅದಕ್ಕೂ ಒಂದು ಕೌದಿಯೇ ಆಗಬೇಕು ಎಂದು ಆಕೆ ತೀರ್ಮಾನಿಸಿದಳು.

ಬಾಜೂ ಮನೆಯ ರಜಿಯಾಬಿಯ ಗಂಡ ದರ್ಜಿ. ಆಕೆ ಮೆತ್ತನೆಯ ಅರಿವೆಯ ಚೂರುಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದಳು. "ಮನಶ್ಯಾರಿಗೆ ಹದಿನೈದು ದಿನ, ಮೊಲಕ್ಕ ನಾಕ ದಿನಾ?" ಎಂದು ಕಾಡಿದಳು. ನಾಲ್ಕೇ ದಿನಕ್ಕೆ ಮೊರದಗಲದ ಕೌದಿ ಮುಗಿಯಿತು. ಅಂದು ಎಳ್ಳಮವಾಸ್ಯೆ, ಮನೆಯಲ್ಲಿ ಹೋಳಿಗೆ. ಊರವರಿಗೆಲ್ಲ ಒಣರೊಟ್ಟಿಯ ಚೂರು ಇಟ್ಟವಳು ಅಳ್ಳವ್ವನ ಕೌದಿಯ ಹೊಟ್ಟೆಯಲ್ಲಿ ಅರ್ಧ ಹೋಳಿಗೆಯನ್ನೇ ಮಡಚಿಟ್ಟು ತೇಪೆ ಹಾಕಿದಳು. ಪ್ರೀತಿ ಹೆಚ್ಚಾದಾಗ ಬುದ್ಧಿ ಎಲ್ಲಿಗೆ ಹೋಗುತ್ತದೋ!

ಮೂರನೆಯ ದಿನ ಬೆಳಗ್ಗೆ ಮೂಲೆಗೆ ಹೋದರೆ ಗೋಡೆಯಿಂದ ಕೌದಿಯವರೆಗೆ ಕೆಂಪಿರುವೆಯ ಸಾಲು. ಬೆಲ್ಲದ ಹೂರಣಕ್ಕೆ ಬಂದ ಇರುವೆಗಳು ಮೊಲವನ್ನೂ ಮುತ್ತಿದ್ದವು. ಏಳಲಾಗದ ಅಳ್ಳವ್ವ ಕಿವಿ ಅಲುಗಿಸುತ್ತ ಬಿದ್ದಿತ್ತು. ಕೂಗಲು ಅದಕ್ಕೆ ಬಾಯಿಯಾದರೂ ಎಲ್ಲಿ? ರೇವವ್ವ ಅದನ್ನು ಎತ್ತಿ ಉಡಿಗೆ ಹಾಕಿಕೊಂಡಳು. ಒಂದೊಂದೇ ಇರುವೆ ಆರಿಸಿ, ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚುತ್ತ, "ನನ್ನ ಕೈ ಸುಡ್ಲಿ, ನಾನ ಮಾಡಿದೆ" ಎಂದು ಅತ್ತಳು.

ಕೌದಿಯನ್ನು ಬಿಚ್ಚಿ, ಒಗೆದು ಒಣಹಾಕಿದ್ದಾಯಿತು. ಮತ್ತೆ ಹೊಲಿಯಬೇಕು. ಆದರೆ ನಡುವಿನ ಅಂಗೈಯಗಲ ಜಾಗ ಬಂದೊಡನೆ ಕೈ ನಿಂತಿತು. ಒಣರೊಟ್ಟಿ ಇಟ್ಟರೂ ಮತ್ತೆ ಇರುವೆ ಬಂದಾವೆಂಬ ಭಯ. ಇಡದಿದ್ದರೆ ಅವ್ವನ ಮಾತು.

"ಬರಿದ ಹೊಲಿ ರೇವಕ್ಕಾ, ಯಾರ ನೋಡ್ತಾರ?" ಎಂದಳು ರಜಿಯಾಬಿ.

"ಯಾರರೆ ನೋಡ್ಲಿ ಅಂತ ಮಾಡ್ತೀನೇನ? ಬರಿಹೊಟ್ಟಿ ಕೌದಿ ಮ್ಯಾಲೆ ಹಾಕಿ ಇದನ್ನ ನಾನ ಕಳಕೊಂಡ್ರ?"

ಎರಡು ದಿನ ಅರೆಹೊಲಿದ ಕೌದಿ ಹಾಗೇ ಬಿದ್ದಿತ್ತು. ಎರಡು ದಿನವೂ ಅಳ್ಳವ್ವ ಗೋಣಿಯ ಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ, ಮಲಗಲೂ ಆಗದೆ ಕೂರಲೂ ಆಗದೆ ಒದ್ದಾಡಿತು. ಮೂರನೆಯ ದಿನ ಅದನ್ನು ನೋಡಲಾರದೆ ರೇವವ್ವ ಸೂಜಿ ಎತ್ತಿಕೊಂಡು, ಅವ್ವನಿಗೆ ಮನಸ್ಸಿನಲ್ಲೇ ಕೈಮುಗಿದು, ಬರಿಯ ತೇಪೆ ಹಾಕಿ ಹೊಲಿದುಬಿಟ್ಟಳು. ಅದರ ಮೇಲೆ ಅಳ್ಳವ್ವನನ್ನು ಕೂರಿಸಿ ಬಾಯಿಯ ಮುಂದೆ ಹತ್ತರಕಿ ಹಿಡಿದಳು. ಮೊಲ ಮೆಲ್ಲಗೆ ತಿಂದು, ಎಷ್ಟೋ ದಿನದ ಮೇಲೆ ಕಾಲು ಚಾಚಿ ಮಲಗಿತು.

"ಇದರ ಹೊಟ್ಟಿ ಒಳಗಿಲ್ಲ, ಮ್ಯಾಲೆ ಮಲಗೇತಿ. ದಿನಾ ನಾನ ತುಂಬಸ್ತೀನಿ" ಎಂದಳು ರೇವವ್ವ ಗಂಡನಿಗೆ. ಮಡಿವಾಳೆಪ್ಪ ಆಮೇಲೆ ಎತ್ತಿನ ನೆಪ ಹೇಳುವುದನ್ನು ಬಿಟ್ಟು, ಸೊಪ್ಪನ್ನು ನೇರ ಮೂಲೆಗೇ ಒಯ್ದು ಇಡತೊಡಗಿದ.

ಆ ಚಳಿ ದಾಟಿತು, ಬೇಸಿಗೆ ಕಳೆಯಿತು, ಇನ್ನೊಂದು ಪಂಚಮಿಯೂ ಬಂತು. ಅದಾಗಿ ಒಂದು ತಿಂಗಳಿಗೆ ಅಳ್ಳವ್ವ ಕೌದಿಯ ಮೇಲೆಯೇ, ಸೊಪ್ಪಿನ ಎಲೆ ಬಾಯಲ್ಲಿರುವಾಗಲೇ ಕಣ್ಣು ಮುಚ್ಚಿತು. ಹಿತ್ತಲಲ್ಲಿ ಮಣ್ಣು ಮಾಡಿದರು. ರೇವವ್ವ ಕೌದಿಯನ್ನು ಒಗೆದು, ಕೂತು ಹೊಲಿಯುವಾಗ ತನ್ನ ನೋಯುವ ಮೊಣಕಾಲ ಕೆಳಗೆ ಇಟ್ಟುಕೊಳ್ಳತೊಡಗಿದಳು.

ಒಂದು ದಿನ ರಜಿಯಾಬಿ, "ಇನ್ನರೆ ಇದಕ್ಕ ಒಂದ ಚೂರು ರೊಟ್ಟಿ ಇಟ್ಟು ಹೊಟ್ಟಿ ತುಂಬಸ ರೇವಕ್ಕಾ, ಈಗ ಯಾರಿಗಿ ಇರಿವಿ ಕಡೀತಾವು?" ಎಂದಳು.

"ಬ್ಯಾಡಬೇ, ಹಸಕೊಂಡ ಇರ್ಲಿ" ಎಂದಳು ರೇವವ್ವ. "ನನಗೂ ಹಂಗ ಆಗೇತಿ."

ಆಮೇಲೆ ಸೂಜಿಯ ಕಣ್ಣು ಕಾಣಿಸದೆ, ದಾರ ಹಾಕಿಕೊಡು ಎಂದು ಅದನ್ನು ರಜಿಯಾಬಿಯ ಕಡೆ ಚಾಚಿದಳು.