ಕೂಸಪ್ಪನ ಎರಡು ಮೊಲ

ಸುಳ್ಳಲ್ಲ ಮಾರಾಯ, ನಗಬೇಡ. ಮೊಲದ ರಕ್ತದಿಂದ ಮನುಷ್ಯನ ರಕ್ತದ ಕಾಯಿಲೆ ಕಂಡುಹಿಡಿಯುತ್ತಿದ್ದರು. ಆ ಮೊಲ ಸಾಕಿದವನು ಕೂಸಪ್ಪ, ಅಮ್ಮತ್ತಿ ಕಡೆಯ ಒಂದು ಆಸ್ಪತ್ರೆಯ ಆಳು. ಅವನ ಮೊಲವೊಂದು ನರಿಯನ್ನು ಬಾಳೆಲೆ ಊರಿನವರೆಗೆ ಅಟ್ಟಿಸಿಕೊಂಡು ಹೋಗಿತ್ತು ಎಂಬುದನ್ನು ಬೇಕಾದರೆ ನಂಬಬೇಡ, ಅದು ನಾನು ಸೇರಿಸಿದ್ದು. ಉಳಿದದ್ದಕ್ಕೆ ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದ್ದಾಳೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ನನ್ನ ಮಗಳು ರಾಮಮ್ಮನಿಗೆ ಏಳು ವರ್ಷ. ಕಣ್ಣು ಅರಿಶಿನ, ಮುಖ ಸುಣ್ಣ, ಎಡಹೊಟ್ಟೆಯಲ್ಲಿ ಗಟ್ಟಿ ಗಡ್ಡೆ. ಕುಶಾಲನಗರದ ಹತ್ತಿರದ ನಮ್ಮ ಹೊಲ ಬಿಟ್ಟು ಅವಳನ್ನು ಆ ಆಸ್ಪತ್ರೆಗೆ ಎತ್ತಿಕೊಂಡು ಹೋದೆ.

ಡಾಕ್ಟರು ನನ್ನಂಥವನಿಗೂ ತಿಳಿಯುವಂತೆ ಹೇಳಿದರು. ರಕ್ತದ ಕಣ ತಟ್ಟೆಯ ಹಾಗೆ ಚಪ್ಪಟೆ ಇರಬೇಕು. ಇವಳದ್ದು ಗೋಲಿಯ ಹಾಗೆ ಗುಂಡಗಿದೆ, ಅದಕ್ಕೇ ಎಡಹೊಟ್ಟೆಯಲ್ಲಿ ಊದಿಕೊಂಡಿರುವ ಗುಲ್ಮ ಅದನ್ನು ಒಡೆದು ಹಾಕುತ್ತಿದೆ. ಗುಂಡಗಾಗಲು ಎರಡು ಕಾರಣ. ಒಂದು, ಕಣದ ಒಳಗಿನ ಹೆಣಿಗೆ ಹುಟ್ಟಿನಿಂದಲೇ ಸಡಿಲ, ಬಿದಿರು ಕಡ್ಡಿ ಸಾಲದ ಬುಟ್ಟಿಯ ಹಾಗೆ. ಹಾಗಿದ್ದರೆ ಗುಲ್ಮ ತೆಗೆದರೆ ಮಗು ಉಳಿಯುತ್ತದೆ. ಇನ್ನೊಂದು, ಮೈಯೇ ವೈರಿಯಾಗಿ ಕಣಕ್ಕೆ ಏನೋ ಅಂಟಿಸುತ್ತಿದೆ. ಅದಕ್ಕೆ ಮಾತ್ರೆ ಕೊಡಬೇಕು, ಮೊದಲೇ ಕತ್ತಿ ಹಾಕಿದರೆ ಮಗುವಿನ ಜೀವಕ್ಕೆ ಅಪಾಯ.

ಯಾವುದೆಂದು ಹೇಳುವುದು ಮೊಲ. ಒಂದು ಮೊಲಕ್ಕೆ ವಾರಗಟ್ಟಲೆ ಮನುಷ್ಯರ ರಕ್ತದ ತಿಳಿನೀರು ಚುಚ್ಚಿದ್ದರು. ಅದರ ರಕ್ತದ ತಿಳಿಯನ್ನು ರಾಮಮ್ಮನ ಕಣಗಳ ಮೇಲೆ ಹಾಕಿದಾಗ ಅವು ಒಡೆದ ಹಾಲಿನಂತೆ ಗಂಟುಕಟ್ಟಿದರೆ ವೈರಿ ಇದೆ, ಕಟ್ಟದಿದ್ದರೆ ಹೆಣಿಗೆಯ ದೋಷ. ಹೋಲಿಸಿ ನೋಡಲು ಏನೂ ಚುಚ್ಚದ ಇನ್ನೊಂದು ಮೊಲ. ಅದರ ತಿಳಿಗೆ ಯಾವ ರಕ್ತವೂ ಗಂಟುಕಟ್ಟುವುದಿಲ್ಲ. ಎರಡೂ ಬಿಳಿ, ಎರಡರ ಕಿವಿಯಲ್ಲೂ ರಕ್ತ ತೆಗೆದ ಸೂಜಿಯ ಕಲೆ. ಚುಚ್ಚಿದ್ದರ ಕಿವಿಗೆ ನೇರಳೆ ಔಷಧದ ಗುರುತು, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಕೈಲ್ ಮುಹೂರ್ತ ಬಂತು. ಆಸ್ಪತ್ರೆಯ ಜನ ಹಬ್ಬಕ್ಕೆ ಹೋದರು. ನರಿಕಾಟವೆಂದು ಕೂಸಪ್ಪ ಮೊಲಗಳನ್ನು ಮನೆಗೆ ಒಯ್ದ. ಅವತ್ತು ಕೋವಿ, ಕತ್ತಿ ತೊಳೆದು ಗಂಧವಿಟ್ಟು ಹೂ ಸಿಕ್ಕಿಸುತ್ತಾರಲ್ಲ. ಅವನ ಹೆಂಡತಿ ಬೊಳ್ಳಮ್ಮ ಮೊಲಗಳನ್ನೂ ಸೀಗೆಪುಡಿ ಹಾಕಿ ಮೀಯಿಸಿ, ಹಣೆಗೆ ಗಂಧವಿಟ್ಟು, ಕೋವಿಯ ಪಕ್ಕ ಕೂರಿಸಿದಳು.

"ಎಂತ ಮಾಡ್ದೆ ಬೊಳ್ಳಮ್ಮ!" ಎಂದು ಕೂಗಿದ ಕೂಸಪ್ಪ.

"ಎಂತ ಅಂದ್ರೆ? ಪಕ್ಕದ ಮನೆ ಬೋಜಪ್ಪಣ್ಣ ನೇಗಿಲಿಗೆ ಗಂಧ ಇಡೂದಿಲ್ವಾ? ನಮ್ಗೆ ಅನ್ನ ಕೊಡೂದು ಈ ಮೊಲ."

ನೇರಳೆ ಗುರುತು ಹೋಗಿತ್ತು. ಕೂಸಪ್ಪ ಕಣ್ಣಂದಾಜಿನಲ್ಲಿ ಒಂದಕ್ಕೆ ಮತ್ತೆ ಗುರುತು ಹಾಕಿ ಸುಮ್ಮನಾದ. ಕೆಲಸ ಹೋದೀತೆಂಬ ಭಯ.

ಆ ಮೊಲದ ತಿಳಿಯಲ್ಲೇ ಪರೀಕ್ಷೆ ನಡೆಯಿತು. ಗಂಟುಕಟ್ಟಲಿಲ್ಲ. "ಹೆಣಿಗೆಯ ದೋಷ. ಮೈಸೂರಿಗೆ ಕರ್ಕೊಂಡು ಹೋಗಿ, ಗುಲ್ಮ ತೆಗೀತಾರೆ" ಎಂದರು ಡಾಕ್ಟರು. ಮರುದಿನ ಬೆಳಗ್ಗೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಡ್ರೈವರ್ ಹಾರನ್ ಹೊಡೆಯುತ್ತಿದ್ದಾಗ ಕೂಸಪ್ಪ ಬರಿಗಾಲಲ್ಲಿ ಓಡಿಬಂದು ಬಸ್ಸಿನ ಮುಂದೆಯೇ ನಿಂತ.

"ಸಿದ್ದರಾಜಣ್ಣ, ಇಳೀರಿ. ಆ ಮೊಲ ಯಾವುದೂಂತ ನಂಗೆ ಗೊತ್ತಿಲ್ಲ."

ಇಳಿದವನೇ ಅವನ ಕೊರಳಪಟ್ಟಿ ಹಿಡಿದೆ. ಹೊಡೆದೆ ಕೂಡ. ಅವನು ಕೈ ಅಡ್ಡ ತರಲಿಲ್ಲ. ರಾಮಮ್ಮ ಕಿಟಕಿಯಿಂದ ನೋಡುತ್ತಿದ್ದಳು.

ಕೂಸಪ್ಪ ಡಾಕ್ಟರ ಮುಂದೆಯೂ ಎಲ್ಲ ಒಪ್ಪಿಕೊಂಡ. ಅವರು ಗಂಟುಕಟ್ಟಲೇಬೇಕಾದ ಒಂದು ರಕ್ತವನ್ನು ಸಿದ್ಧಮಾಡಿ ಎರಡೂ ಮೊಲದ ತಿಳಿ ಹಾಕಿದರು. ಕೂಸಪ್ಪ ಗುರುತು ಹಾಕಿದ್ದು ಏನೂ ಚುಚ್ಚದ ಮೊಲ! "ಮೊದಲೇ ಹೀಗೆ ನೋಡ್ಬೇಕಿತ್ತು, ನನ್ನದೂ ತಪ್ಪೇ" ಎಂದರು. ನಿಜವಾದ ಮೊಲದ ತಿಳಿಯನ್ನು ಮಗಳ ಕಣಗಳ ಮೇಲೆ ಹಾಕಿದರು. ಆಗಲೂ ಗಂಟುಕಟ್ಟಲಿಲ್ಲ.

ಮೈಸೂರಿನಲ್ಲಿ ಗುಲ್ಮ ತೆಗೆದರು. ತಿಂಗಳೊಳಗೆ ಅವಳ ಕಣ್ಣು ಬಿಳಿಯಾಯಿತು. ಕೂಸಪ್ಪನ ಕೆಲಸ ಹೋಯಿತು. ಎಸ್ಟೇಟಿನ ಕೂಲಿ ಲೈನಿಗೆ ಸೇರಿ, ಬೊಳ್ಳಮ್ಮನ ಜೊತೆ ಕಾಫಿ ಹಣ್ಣಿನ ಪಿಕ್ಕಿಂಗ್ ಮಾಡುತ್ತಲೇ ಮುದುಕನಾದ. ಅವನನ್ನು ಹೊಡೆದ ಕೈಯಲ್ಲೇ ಒಂದು ಸುಗ್ಗಿಯಲ್ಲಿ ಅವನ ಮನೆಗೆ ರಾಗಿ ಹೊತ್ತುಕೊಂಡು ಹೋದೆ. ಇಳಿಸಿಕೊಂಡ, ಕಾಫಿ ಕೊಟ್ಟ. ಹೋದ ಮಳೆಗಾಲದಲ್ಲಿ ತೀರಿಕೊಂಡ.

ಏನಂದೆ? ಎರಡು ಸಲವೂ ಉತ್ತರ ಒಂದೇ ಆದರೆ, ಬಾಯಿಮುಚ್ಚಿಕೊಂಡಿದ್ದರೆ ಅವನ ಕೆಲಸವಾದರೂ ಉಳಿಯುತ್ತಿತ್ತು, ಅಲ್ಲವಾ? ನಾನೂ ಒಮ್ಮೆ ಅವನನ್ನು ಹಾಗೇ ಕೇಳಿದ್ದೆ.

"ಉತ್ತರ ಒಂದೇ ಅಂತ ಬಸ್ಸಿನ ಮುಂದೆ ನಿಂತಾಗ ನಂಗೆ ಗೊತ್ತಿತ್ತಾ ಅಣ್ಣ?" ಅಂದ.

ನೀನೇ ಹೇಳು...

"ಅಪ್ಪಾ! ಮುದ್ದೆ ಆರೋಗ್ತದೆ. ಆ ಮೊಲದ ಕತೆ ಆಮೇಲೆ ಹೇಳೀರಂತೆ, ಬನ್ನಿ!"

ಕೇಳಿಸಿತಾ? ಅವಳೇ ರಾಮಮ್ಮ. ಬಂದೆ ಮಗಾ, ಬಂದೆ.