ಇನ್ನೊಬ್ಬನಿಗಾಗಿ ಆರಿಸಿದ ಕರ್ಪೂರ

ದೇವಲಾಪುರದಿಂದ ನಾಲ್ಕು ಮೈಲಿ ನಮ್ಮೂರು. ಇಲ್ಲಿಯ ಬೈರವನ ಗುಡಿಯಲ್ಲಿ ಪೂಜೆ ಮಾಡುವುದು ನನ್ನ ಕೆಲಸ. ಈ ಗುಡಿಗೆ ಬಂದು ಸತ್ಯ ಹೇಳಿದವರಿಗಿಂತ ಸುಳ್ಳು ಹೇಳಿ ತೀರ್ಥ ಕುಡಿದು ಹೋದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಅವರಲ್ಲಿ ಯಾರ ಮೇಲೂ ಇಲ್ಲದ ಸಿಟ್ಟು ನನಗೆ ಡೈರಿ ಶಿವಶಂಕರನ ಮೇಲಿದೆ. ಅದರಲ್ಲಿ ಅರ್ಧ ನನ್ನ ಮೇಲಿನದೇ. ಅದನ್ನೂ ಹೇಳುತ್ತೇನೆ.

ಊರಿಗೆಲ್ಲ ಅವನು ಶಂಕ್ರ. ಇಪ್ಪತ್ತೆರಡು ವರ್ಷ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿದವನು. ಯಂತ್ರ ಬರುವ ಮೊದಲು ಗಾಜಿನ ಕೊಳವೆಯಲ್ಲಿ ಹಾಲೆಳೆದು, ತುದಿಗೆ ಬೆರಳೊತ್ತಿ, ಬೇಕಾದಷ್ಟನ್ನೇ ಬಿಟ್ಟು ಮಿಕ್ಕಿದ್ದನ್ನು ತಡೆಯುತ್ತಿದ್ದ. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಸ್ವಂತ ಅತ್ತೆ ಮಾಯಮ್ಮನ ಹಾಲಿಗೆ ನೀರು ಬಿದ್ದಿದೆ ಎಂದು ಎಲ್ಲರೆದುರು ಕ್ಯಾನು ವಾಪಸು ಕಳಿಸಿದ್ದ. ಆಯಮ್ಮ ಎರಡು ವರ್ಷ ಅವನ ಮನೆಗೆ ಕಾಲಿಡಲಿಲ್ಲ. ಇಂಥ ಕೈ ಎಂದೇ ಹೊಸತೊಡಕಿನ ದಿನ ಇಸ್ಪೀಟು ಎಲೆ ಹಾಕುವ ಕೆಲಸವನ್ನೂ ಊರು ಅವನಿಗೇ ಕೊಟ್ಟಿತ್ತು.

ನಮ್ಮ ಕಡೆ ಯುಗಾದಿಯ ಮಾರನೆಯ ದಿನವಾದ ಹೊಸತೊಡಕಿಗೆ ಬಾಡೂಟ ಮುಗಿಸಿ ಅರಳಿಕಟ್ಟೆಯಲ್ಲಿ ಅಂದರ್ ಬಾಹರ್ ಆಡದಿದ್ದರೆ ಹಬ್ಬ ಮುಗಿದ ಹಾಗಲ್ಲ. ಒಂದು ಎಲೆ ತೆರೆದಿಟ್ಟು, ಅದರ ಜೊತೆಯ ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಹಣ ಕಟ್ಟುವ ಆಟ. ಆಡುವವರ ಜಾಣತನಕ್ಕೆ ಇದರಲ್ಲಿ ಕೆಲಸವಿಲ್ಲ. ಎಲ್ಲವೂ ಎಲೆ ಹಾಕುವವನ ಕೈಯಲ್ಲಿ. ಅದಕ್ಕೇ ಅವನಿಗೆ ಆಡುವ ಆಸೆಯೂ ಇರಬಾರದು.

ಆ ಕೈಯನ್ನು ಬೇರೆ ಕಣ್ಣಿನಿಂದ ನೋಡಿದವನು ಪಾಂಡವಪುರದ ಲೋಕೇಶ್. ಹಸು ದಲ್ಲಾಳಿ ಎಂದು ಹೇಳಿಕೊಂಡು ಡೈರಿಗೆ ಬರುತ್ತಿದ್ದ. ಬಿಳಿ ಅಂಗಿ, ಮೆಲುಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಕ್ಕೆರಡು ಸಲ ಊರಿಗೆ ತೋರಿಸುತ್ತಿದ್ದ ಶಂಕ್ರ ಇವನ ವಿಷಯದಲ್ಲಿ ಎಡವಿದ. ಇಷ್ಟು ವರ್ಷದ ನಿಯತ್ತಿನಿಂದ ಏನು ಕಂಡೆ ಎಂದು ಲೋಕೇಶ್ ಕೇಳಿದನಂತೆ. ಹೊಸತೊಡಕಿಗೆ ದುಡ್ಡಿರುವ ಕಂಟ್ರಾಕ್ಟರುಗಳನ್ನು ಕರೆತರುತ್ತೇನೆ, ನಿಮ್ಮೂರಿನವರ ಒಂದು ಪೈಸೆಯೂ ಹೋಗುವುದಿಲ್ಲ ಎಂದನಂತೆ. ಶಂಕ್ರ ಮನೆಯಲ್ಲಿ ಡೈರಿ ತರಬೇತಿ ಎಂದು ಹೇಳಿ, ಶ್ರೀರಂಗಪಟ್ಟಣದ ಯಾವುದೋ ಲಾಡ್ಜಿನಲ್ಲಿ ಒಂದು ವಾರ ಕೂತು ಕಲಿತ. ಎಲೆಗಳ ಬೆನ್ನ ಮೇಲೆ ಉಗುರಿನ ಗುರುತು. ಹೆಚ್ಚು ಹಣ ಬಿದ್ದ ಕಡೆಗೆ ಗೆಲ್ಲುವ ಎಲೆ ಬಂದರೆ ಅದನ್ನು ಹೆಬ್ಬೆರಳಿನಲ್ಲಿ ತಡೆದು ಕೆಳಗಿನದನ್ನು ಎಳೆಯಬೇಕು. ಸೋತವರ ಹಣ ಲೋಕೇಶನಿಗೆ, ಅದರಲ್ಲಿ ಶಂಕ್ರನಿಗೊಂದು ಪಾಲು. ಹಾಲು ತಡೆದ ಬೆರಳಿಗೆ ಅದೇನು ದೊಡ್ಡದು?

ಇಬ್ಬರೂ ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ರಂಗಸ್ವಾಮಿಯನ್ನು. ಅವನೂ ಶಂಕ್ರನೂ ಒಂದೇ ತಟ್ಟೆಯಲ್ಲಿ ಮುದ್ದೆ ಉಂಡು ಬೆಳೆದವರು. ರಂಗಸ್ವಾಮಿ ಹುಟ್ಟಿದಾಗಿನಿಂದ ಎಲೆ ಮುಟ್ಟಿದವನಲ್ಲ. ಆದರೆ ಆ ಹೊಸತೊಡಕಿಗೆ ಹೊರಗಿನವರು ಬಂದು ಆಟ ಏರಿದಾಗ, ಎಲೆ ಹಾಕುತ್ತಿರುವವನು ಶಂಕ್ರ ತಾನೇ, ಮೋಸಕ್ಕೆ ಜಾಗವೆಲ್ಲಿ ಎಂದು ಅವನೂ ಬಂದು ಕೂತ. ಶಂಕ್ರ ಕಣ್ಣಿನಲ್ಲೇ ಬೇಡ ಎಂದನಂತೆ. ಬಾಯಿಗೆ ಏನಾಗಿತ್ತೋ. ಇಳಿಹೊತ್ತಿಗೆ ಕೈಯಲ್ಲಿದ್ದ ಹಣವೆಲ್ಲ ಸೋತ ರಂಗಸ್ವಾಮಿ, ಹಠಕ್ಕೆ ಬಿದ್ದು ತನ್ನ ಹಳ್ಳಿಕಾರ್ ಎತ್ತಿನ ಜೋಡಿಯನ್ನೂ ಕಟ್ಟಿ ಕಳೆದುಕೊಂಡ. ಕರುವಿನಿಂದ ಸಾಕಿದ ಎತ್ತುಗಳು. ಅವನು ಕೆಮ್ಮಿದರೆ ಸಾಕು, ಕಿವಿ ನಿಮಿರಿಸುತ್ತಿದ್ದವು. ಬೇರೆಯವರು ಎಳೆದರೆ ಬರಲಿಲ್ಲವೆಂದು ಅವನೇ ಹಗ್ಗ ಹಿಡಿದು ಲೋಕೇಶನ ಟೆಂಪೋಗೆ ಹತ್ತಿಸಿಕೊಟ್ಟ. ಮೂರು ದಿನದ ಮೇಲೆ ಶಂಕ್ರ ತನ್ನ ಪಾಲಿನ ದುಡ್ಡು ಹಿಡಿದು ಪಾಂಡವಪುರಕ್ಕೆ ಹೋಗಿ ಎತ್ತುಗಳನ್ನು ವಾಪಸು ಕೇಳಿದ. ಅವು ಆಗಲೇ ಮಾರಾಟವಾಗಿದ್ದವು.

ತಿಂಗಳು ಕಳೆದಿರಲಿಲ್ಲ, ಲೋಕೇಶ್ ಕೆ.ಆರ್. ಪೇಟೆಯಲ್ಲಿ ಗುರುತಿನ ಎಲೆಗಳ ಸಮೇತ ಸಿಕ್ಕಿಬಿದ್ದ. ಊರಿನಲ್ಲಿ ಗುಸುಗುಸು ಎದ್ದಿತು. ಶಂಕ್ರ ಗುಡಿಯಲ್ಲಿ ಕರ್ಪೂರ ಆರಿಸಲಿ, ಇಲ್ಲವೇ ಡೈರಿ ಬಿಡಲಿ ಎಂದರು ಹಿರಿಯರು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಹೇಳಿದ ಮಾತು ಬೈರವನ ಮುಂದೆ ಆಣೆ. ಸೋಮವಾರ ನಾನೇ ಕರ್ಪೂರ ಹಚ್ಚಿದೆ. ಶಂಕ್ರನ ಕೈ ಗಡಗಡ ನಡುಗುತ್ತಿತ್ತು. ಇಪ್ಪತ್ತು ವರ್ಷ ಒಂದು ಹನಿ ಚೆಲ್ಲದ ಕೈ ಅದು. ಅಷ್ಟರಲ್ಲಿ ರಂಗಸ್ವಾಮಿ ಮುಂದೆ ಬಂದ.

"ಎಲ್ಲಾರ್ಗಿಂತ ಜಾಸ್ತಿ ಕಳ್ಕಂಡೋನು ನಾನು. ಅವ್ನ ಕೈ ಎಂಥದು ಅಂತ ನಂಗೊತ್ತು. ಅವ್ನ ಬದ್ಲು ನಾನೇ ಆರಿಸ್ತೀನಿ ಬುಡಿ" ಎಂದು ಅಂಗೈ ಒತ್ತಿಯೇಬಿಟ್ಟ.

ಆಣೆ ಇಡಬೇಕಾದವನೇ ಇಡಬೇಕು. ಅದು ಗುಡಿಯ ಕಟ್ಟಳೆ. ನಡುಗುವ ಕೈಯನ್ನು ನಾನು ಕಂಡಿದ್ದೆ, ಕಂಡೂ ಬಾಯಿ ಮುಚ್ಚಿಕೊಂಡು ಮಂಗಳಾರತಿ ಎತ್ತಿದೆ. ಊರು ತಣ್ಣಗಾದರೆ ಸಾಕಿತ್ತು ನನಗೆ.

ಶಂಕ್ರನ ಕೆಲಸ ಉಳಿಯಿತು. ರಂಗಸ್ವಾಮಿ ಒಂದು ಹಸು ಕಟ್ಟಿ ಡೈರಿಗೆ ಹಾಲು ತರತೊಡಗಿದ. ಯಂತ್ರ ತೋರಿಸಿದ ಫ್ಯಾಟನ್ನು, ಅಂದರೆ ಹಾಲಿನ ಜಿಡ್ಡನ್ನು, ಚೀಟಿಗೆ ಬರೆಯುವವನು ಶಂಕ್ರ; ಹಾಲಿನ ದುಡ್ಡು ಅದರ ಮೇಲೆಯೇ. ಅವನು ದಿನವೂ ರಂಗಸ್ವಾಮಿಯ ಹಾಲಿಗೆ ಅಷ್ಟಷ್ಟು ಫ್ಯಾಟು ಹೆಚ್ಚಿಗೆ ಬರೆದ. ಮಾಡಿದ ಮೋಸವನ್ನು ಇನ್ನೊಂದು ಮೋಸದಿಂದ ತೀರಿಸಹೊರಟಿದ್ದ ಪುಣ್ಯಾತ್ಮ. ಹೀಗೆ ಎರಡು ವರ್ಷ. ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ರಂಗಸ್ವಾಮಿ ಚೀಟಿ ಹಿಡಿದು ಬಂದ.

"ನಿನ್ ಟೆಸ್ಟು ಎಲ್ಲೋ ತಪ್ತಾ ಅದೆ ಕಣ್ಲಾ. ನನ್ ಹಸೀನ ಹಾಲು ಇಷ್ಟು ಗಟ್ಟಿ ಇಲ್ಲ. ಯಾರ್ದೋ ಫ್ಯಾಟು ನನ್ ಚೀಟಿಗೆ ಬೀಳ್ತಾ ಅದೆ, ಸರಿಯಾಗಿ ನೋಡು."

ಶಂಕ್ರ ಅಲ್ಲೇ ಡೈರಿಯ ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಶ್ರೀರಂಗಪಟ್ಟಣ, ಉಗುರಿನ ಗುರುತು, ಹೆಬ್ಬೆರಳು, ಏನನ್ನೂ ಬಿಡಲಿಲ್ಲ. ರಂಗಸ್ವಾಮಿ ಪೂರ್ತಿ ಕೇಳಿಸಿಕೊಂಡ. ಕ್ಯಾನು ಎತ್ತಿಕೊಂಡು ಮನೆಗೆ ಹೋದ.

ಮಾರನೆಯ ದಿನ ಒದ್ದೆ ಪಂಚೆಯಲ್ಲಿ ನನ್ನ ಮುಂದೆ ನಿಂತ. ಕೈಯಲ್ಲಿ ಅರಿಶಿನದ ಬಟ್ಟೆಯ ಗಂಟು, ಒಳಗೆ ಹನ್ನೊಂದು ರೂಪಾಯಿ ತಪ್ಪುಕಾಣಿಕೆ. ನಿನ್ನದೇನೂ ತಪ್ಪಿಲ್ಲವಪ್ಪ, ನಿನಗೆ ಗೊತ್ತಿರಲಿಲ್ಲ ಎಂದೆ. ಬೈರಪ್ಪನ ಮುಂದೆ ಗೊತ್ತಿಲ್ಲದೆ ಹೇಳಿದರೂ ಸುಳ್ಳು ಸುಳ್ಳೇ ಅಲ್ಲವೇ ಎಂದ. ಹಿಂದೆಯೇ ಬಂದಿದ್ದ ಶಂಕ್ರ ಬಾಗಿಲಲ್ಲಿ ನಿಂತು, ಆ ಹನ್ನೊಂದು ರೂಪಾಯಿಯನ್ನಾದರೂ ತಾನು ಕಟ್ಟುತ್ತೇನೆಂದು ಅಂಗಲಾಚಿದ.

ರಂಗಸ್ವಾಮಿ ತಿರುಗಿ ನೋಡಿದ. "ಬ್ಯಾಡ. ನಾನಾಡಿದ್ ಮಾತು, ನಾನೇ ಕಟ್ತೀನಿ. ಎತ್ತು ಹೋದಾಗ ಸಂಕಟ ಆಯ್ತು, ತಡ್ಕಂಡೆ. ಅವತ್ತು ಕರ್ಪೂರ ಒತ್ತಿದಾಗ ಕೈ ಸುಡ್ನಿಲ್ಲ ಕಣ್ಲಾ ಶಂಕ್ರ. ಈಗ ಸುಡ್ತಾ ಅದೆ."

ಅವರಿಬ್ಬರ ನಡುವೆ ನಾನು ಕೇಳಿದ ಕೊನೆಯ ಮಾತು ಅದು. ರಂಗಸ್ವಾಮಿಯ ಹಾಲು ಈಗ ಪಕ್ಕದೂರಿನ ಡೈರಿಗೆ ಹೋಗುತ್ತದೆ. ಆ ಗಂಟಿನ ಪಕ್ಕದಲ್ಲಿ ನಾನೂ ಹನ್ನೊಂದು ರೂಪಾಯಿ ಕಟ್ಟಿಟ್ಟೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಶಂಕ್ರ ಡೈರಿ ಬಿಟ್ಟ. ಸೋಮವಾರ ತಪ್ಪದೆ ಒಂದು ಬಿಲ್ಲೆ ಕರ್ಪೂರ ತಂದು ಹೊಸ್ತಿಲ ಆಚೆಯೇ ನಿಂತು ಕೊಡುತ್ತಾನೆ. ಒಳಗೆ ಬಾ ಎಂದು ನಾನು ಇನ್ನೂ ಕರೆದಿಲ್ಲ. ನಾನು ಅದನ್ನು ಹಚ್ಚಿ ತಿರುಗುವಷ್ಟರಲ್ಲಿ, ಅದು ಆರುವ ಮೊದಲೇ, ಅವನು ಮೆಟ್ಟಿಲಿಳಿದು ಹೋಗಿರುತ್ತಾನೆ.