ಹುಣಸೆಹುಳಿಯಲ್ಲಿ ತಿಕ್ಕಿದ ಉಕ್ಕು

ನನ್ನ ಗಂಡ ಮಾಡಿದ ಸಾಮಾನು ಕೆಟ್ಟು ನನ್ನ ಮಗನ ಕಾಲು ಹೋದದ್ದಲ್ಲ. ನನ್ನ ಗಂಡ ಹಾಕಲೆಂದು ಮಾಡಿದ ಸಾಮಾನನ್ನು ಆ ಬೈಕಿಗೆ ಹಾಕಲೇ ಇಲ್ಲ. ಹಾಕಿದ್ದು ಬೇರೆ. ಅದನ್ನು ಎತ್ತಿ ಕೊಟ್ಟವಳು ನಾನು.

ನನ್ನ ಗಂಡ ತೀರಿಕೊಂಡ ಮೇಲೆ ಬೊಜ್ಜದ ಊಟಕ್ಕೆ ಕೂತವರ ಬಾಯಲ್ಲಿಯೂ ಅದೇ ಇತ್ತು. "ಎಂಥಾ ಕೆಲಸಗಾರ, ಪಾಪ. ಕೊನೆಗೆ ಸ್ವಂತ ಮಗನ ಬೈಕಿನಲ್ಲೇ ಕೈ ತಪ್ಪಿತು ನೋಡಿ" ಎಂದು ಅವರ ದೊಡ್ಡಪ್ಪನ ಮಗ ಸಾರು ಕಲಸುತ್ತಾ ಪಕ್ಕದವರಿಗೆ ಹೇಳಿದರು. ನಾನು ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ನಿಜ ನಮ್ಮ ಮನೆಯೊಳಗೇ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ತುಳು ಆಡುವವರು. ಆಡಿದ ಮಾತನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಬೇರೇನೂ ಬದಲಿಸಿಲ್ಲ.

ಊರಿನಿಂದ ಈ ಮರಾಠಿ ನಾಡಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ಹೋಟೆಲಿಗೆ ಸೇರಿದರು. ಇವರು ಠಾಣೆ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಲೇತ್ ಹಿಡಿದರು. ಮೂವತ್ತು ವರ್ಷ ಕಬ್ಬಿಣ ಕಡೆದರು. ಕಾರ್ಖಾನೆ ಮುಚ್ಚಿದಾಗ ಬೇರೆ ಕೆಲಸಗಾರರು ಬಾಕಿ ಹಣ ತಂದರು, ಇವರು ಅದರ ಬದಲು ಟೆಂಪೋದಲ್ಲಿ ಒಂದು ಸಣ್ಣ ಲೇತ್ ತಂದರು. ಠಾಕುರ್ಲಿಯಲ್ಲಿ ನಮ್ಮದು ನೆಲಮಹಡಿ. ಹಿಂದಿನ ಗ್ರಿಲ್ಲಿನ ಜಾಗದಲ್ಲಿ ನಾನು ಬಟ್ಟೆ ಒಣಗಿಸುತ್ತಿದ್ದೆ. ಅಲ್ಲಿ ಅದು ಕೂತಿತು. ಅಂದಿನಿಂದ ನನ್ನ ಸೀರೆಗಳಿಗೆಲ್ಲ ಎಣ್ಣೆಯ ವಾಸನೆ.

ನಮ್ಮ ಕಟ್ಟಡದ ಸೊಸಾಯಿಟಿಯ ಸೆಕ್ರೆಟರಿ ತಿಂಗಳಿಗೊಮ್ಮೆ ಬಂದು ಗ್ರಿಲ್ ಬಡಿಯುತ್ತಿದ್ದ. "ಕಾಕಾ, ಆವಾಜ್ ಬಂದ್ ಕರಾ!" ಸದ್ದು ನಿಲ್ಲಿಸಿ ಎಂದು.

"ನಿನ್ನ ಹೆಂಡತಿಯ ಮಿಕ್ಸರ್ ಮೊದಲು ಬಂದ್ ಮಾಡಿಸು" ಎಂದು ನಾನು ಒಳಗಿಂದಲೇ ಮರಾಠಿಯಲ್ಲಿ ಹೇಳುತ್ತಿದ್ದೆ. ಅವನು ನಕ್ಕು ಚಹಾ ಕುಡಿದು ಹೋಗುತ್ತಿದ್ದ. ಹೋಗುವಾಗ ಅವನ ಕುಕ್ಕರಿನ ಹಿಡಿಯೋ, ಬಾಗಿಲ ಚಿಲಕವೋ ರಿಪೇರಿಗೆ ಇವರ ಕೈಗೆ ಬಂದಿರುತ್ತಿತ್ತು.

ಬೈಕು ಇವರು ಕಾರ್ಖಾನೆಯಲ್ಲಿದ್ದಾಗ ತೆಗೆದದ್ದು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಮಗ ಅದರ ಟ್ಯಾಂಕಿನ ಮೇಲೆ ಕೂತೇ ಬೆಳೆದ. ಅವನ ಮದುವೆಯಾಗಿ ನೌಪಾಡಾದಲ್ಲಿ ಮನೆ ಮಾಡಿದ ಮೇಲೆ ಅವನಿಗೇ ಕೊಟ್ಟರು. ಅವನು ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಹೊಸ ಬೈಕು ತೆಗೆಯುವ ಶಕ್ತಿ ಇತ್ತು, ತೆಗೆಯಲಿಲ್ಲ. ಸಾಮಾನು ಹಾಳಾದರೆ ಮೊದಮೊದಲು ಕಲ್ಯಾಣದ ಗುಜರಿಯಲ್ಲಿ ಸಿಗುತ್ತಿತ್ತು. ಆಮೇಲೆ ಅಲ್ಲಿಯೂ ಇಲ್ಲ. "ಇಲ್ಲದಿದ್ರೆ ಮಾಡುವ" ಎಂದರು ಇವರು. ಬುಷ್ ಮಾಡಿದರು, ಕಾಲಿಡುವ ಸರಳು ಮಾಡಿದರು, ಚಕ್ರದ ಸ್ಪೇಸರ್ ಮಾಡಿದರು. ಮಗ ಭಾನುವಾರ ಬಂದರೆ ಅಪ್ಪ ಮಗ ಇಬ್ಬರೂ ಆ ಗ್ರಿಲ್ಲಿನೊಳಗೆ. ಊಟಕ್ಕೆ ಮೂರು ಸಲ ಕರೆಯಬೇಕು.

ಸೊಸೆಗೆ ಇದು ಹಿಡಿಸುತ್ತಿರಲಿಲ್ಲ. "ಮಾವ, ಇದರಲ್ಲಿ ಕಂಪನಿಯದ್ದು ಇನ್ನು ಎಂತ ಉಳಿದಿದೆ?" ಎಂದು ಕೇಳಿದಳು ಒಮ್ಮೆ.

"ಹಾರ್ನ್ ಉಂಟಲ್ಲ" ಎಂದರು ಇವರು.

ಇವರು ಯಾವುದನ್ನೂ ಒಂದೇ ಮಾಡುತ್ತಿರಲಿಲ್ಲ, ಎರಡು ಮಾಡುತ್ತಿದ್ದರು. ಮೊದಲನೆಯದು ಮೆತ್ತಗಿನ ಕಬ್ಬಿಣದ್ದು. ಅಳತೆ ಕೂಡುತ್ತದೋ ಎಂದು ಹಾಕಿ ನೋಡಲು ಮಾತ್ರ. ಕೂಡಿದ ಮೇಲೆ ಲಾರಿಯ ಹಳೆಯ ಆಕ್ಸಲಿನ ಉಕ್ಕಿನಲ್ಲಿ ಎರಡನೆಯದು. ಗ್ರಿಲ್ಲಿಗೆ ಗೋಣಿ ಇಳಿಸಿ ಕತ್ತಲೆ ಮಾಡಿಕೊಂಡು ಅದನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದುತ್ತಿದ್ದರು. ಹಾಗೆ ಅದ್ದಿದ ಉಕ್ಕು ಗಾಜಿನ ಹಾಗೆ, ಪೆಟ್ಟು ಬಿದ್ದರೆ ಒಡೆಯುತ್ತದಂತೆ. ಅದಕ್ಕೆ ಮತ್ತೆ ಸಣ್ಣ ಬಿಸಿ ಕೊಡಬೇಕು. ಅದು ನನ್ನ ಒಲೆಯ ಮೇಲೆ, ನನ್ನ ಹಳೆಯ ಬಾಣಲೆಯಲ್ಲಿ, ಮರಳು ಹಾಕಿ. ಬಿಳಿ ಉಕ್ಕಿಗೆ ನಿಧಾನ ಬಣ್ಣ ಏರುತ್ತದೆ. ಮೊದಲು ತುಪ್ಪದ ಬಣ್ಣ, ಆಮೇಲೆ ಬೆಲ್ಲದ ಬಣ್ಣ. ತುಪ್ಪ ದಾಟಿ ಬೆಲ್ಲ ಮುಟ್ಟುವ ಮೊದಲು ಇಳಿಸಬೇಕು. ಇವರ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಹಾಗಾಗಿ ಬಣ್ಣ ನೋಡುವ ಕೆಲಸ ನನ್ನದಾಯಿತು.

"ಬಂತಾ?"

"ಇಲ್ಲ. ಸುಮ್ನಿರಿ."

"ಈಗ?"

"ಅವಸರ ಮಾಡಿದ್ರೆ ಹೆರಿಗೆಯಾಗ್ತದಾ? ನಿಲ್ಲಿ... ಹಾಂ, ತೆಗೀರಿ."

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದು ಹೇಳುತ್ತೇನೆ.

ಆ ವರ್ಷ ಹಾಳಾದದ್ದು ಹಿಂದಿನ ಬ್ರೇಕಿನ ಕ್ಯಾಮ್. ಬೆರಳುದ್ದದ ಒಂದು ಸರಳು, ಒಂದು ತುದಿ ಚಪ್ಪಟೆ. ಕಾಲಿನಲ್ಲಿ ಬ್ರೇಕ್ ಒತ್ತಿದರೆ ಚಕ್ರದೊಳಗೆ ಆ ಚಪ್ಪಟೆ ತುದಿ ತಿರುಗಿ ಎರಡು ಕಡೆಯ ಲೈನರನ್ನು ದೂಡುತ್ತದೆ. ಆಗ ಚಕ್ರ ನಿಲ್ಲುತ್ತದೆ. ನವರಾತ್ರಿಯ ಎಂಟನೆಯ ದಿನ ಮಧ್ಯಾಹ್ನ ಇವರು ಅದನ್ನು ಮುಗಿಸಿದರು. ಬಣ್ಣ ನಾನೇ ನೋಡಿದೆ. ಒಳ್ಳೆಯ ಬಣ್ಣ ಬಂದಿತ್ತು, ಹದವಾಗಿ ಕಾಯಿಸಿದ ತುಪ್ಪ. ನೋಡಲು ಮಾಡಿದ ಮೆತ್ತಗಿನದನ್ನೂ ಇದನ್ನೂ ಒಂದೇ ತಗಡಿನ ಮುಚ್ಚಳದಲ್ಲಿ ಇಟ್ಟರು.

ಮರುದಿನ ಆಯುಧ ಪೂಜೆ. ನಮ್ಮಲ್ಲಿ ಅಂದು ಯಾವ ಆಯುಧವನ್ನೂ ಕೆಲಸಕ್ಕೆ ಮುಟ್ಟುವುದಿಲ್ಲ. ತೊಳೆದು ಕುಂಕುಮ ಇಟ್ಟು ದೇವರ ಮುಂದೆ ಇಡುವುದು. ಇವರು ಬೆಳಿಗ್ಗೆ ಗೊಂಡೆ ಹೂ ತರಲು ಡೊಂಬಿವಲಿ ಸ್ಟೇಷನ್ನಿಗೆ ಹೋಗಿದ್ದರು. ನಾನು ಅರ, ಉಳಿ, ಸ್ಪಾನರು, ಎಲ್ಲವನ್ನೂ ಪಾತ್ರೆ ತೊಳೆಯುವ ಮೋರಿಯ ಹತ್ತಿರ ಹರವಿದೆ. ಎಣ್ಣೆ ಜಿಡ್ಡಿನ ಕಬ್ಬಿಣ ದೇವರ ಮುಂದೆ ಇಟ್ಟರೆ ನನಗೆ ಸರಿಬರುವುದಿಲ್ಲ. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದೆ. ಮುಚ್ಚಳದಲ್ಲಿದ್ದ ಎರಡು ಕ್ಯಾಮುಗಳನ್ನೂ ತಿಕ್ಕಿದೆ. ಒಂದಕ್ಕೆ ಆ ತುಪ್ಪದ ಬಣ್ಣ ಇತ್ತು. ಅದು ಕೊಳೆಯಲ್ಲ, ಹದದ ಬಣ್ಣವೆಂದು ಗೊತ್ತಿತ್ತು. ಆದರೂ ಕೈ ತಿಕ್ಕಿತು. ತಿಕ್ಕಲು ಕೂತರೆ ನನ್ನ ಕೈ ಅರ್ಧಕ್ಕೆ ನಿಲ್ಲುವುದಿಲ್ಲ. ಎರಡೂ ಒಂದೇ ಬಿಳಿ ಆದವು.

ಹೂ ತಂದವರು ತಟ್ಟೆ ನೋಡಿ, "ಎಂತ ಮಾರಾಯ್ತಿ, ಬೆಳ್ಳಿ ಅಂಗಡಿ ಇಟ್ಟಿದ್ದಿಯಾ?" ಎಂದರು. ಪೊರೆ ಬಂದ ಕಣ್ಣಿಗೆ ಎಲ್ಲ ಹೊಳೆಯಿತು, ಅಷ್ಟೇ. ಸಂತೋಷಪಟ್ಟರು.

ಹತ್ತನೆಯ ದಿನ ಬೆಳಿಗ್ಗೆ, ಹಬ್ಬಕ್ಕೆ ಬಂದು ಉಳಿದಿದ್ದ ಮಗನಿಗೆ ಹೋಟೆಲಿಗೆ ಹೊರಡುವ ಅವಸರ. ಚಕ್ರ ಬಿಚ್ಚಿಟ್ಟಿದ್ದ. ಇವರು ಸ್ನಾನಕ್ಕೆ ಹೋಗಿದ್ದರು.

"ಅಮ್ಮ, ಪಪ್ಪ ಮಾಡಿದ ಕ್ಯಾಮ್ ಯಾವ್ದು? ಬೇಗ ಕೊಡು."

ನಾನು ತಟ್ಟೆಯಿಂದ ಹೆಚ್ಚು ಹೊಳೆಯುವುದನ್ನು ಎತ್ತಿ ಕೊಟ್ಟೆ. ಮೆತ್ತಗಿನದು ಹೆಚ್ಚು ಹೊಳೆಯುತ್ತದೆ. ಅದು ನನಗೆ ಅಂದು ಗೊತ್ತಿರಲಿಲ್ಲ. ಒಂದು ಗಳಿಗೆ ನಿಂತು ಬಚ್ಚಲಿನ ಬಾಗಿಲು ಬಡಿದು ಕೇಳಬಹುದಿತ್ತು, ಕೇಳಲಿಲ್ಲ. ಇವರು ಹೊರಗೆ ಬರುವಾಗ ಚಕ್ರ ಕೂತಿತ್ತು. ಬ್ರೇಕ್ ಒತ್ತಿ ನೋಡಿದರು, ಹಿಡಿಯಿತು. "ಇನ್ನು ಹತ್ತು ವರ್ಷ ನೋಡ್ಬೇಡ" ಎಂದು ಮಗನ ಬೆನ್ನು ತಟ್ಟಿದರು.

ಮೂರು ತಿಂಗಳು ಓಡಿತು. ಒಂದು ಬೆಳಿಗ್ಗೆ ವಾಶಿಗೆ ಹೋಗುವಾಗ ಮಗ ಬ್ರೇಕ್ ಒತ್ತಿದ. ಒತ್ತಿದ್ದು ಬಿಡಲಿಲ್ಲ. ಚಕ್ರ ಹಾಗೇ ಬಿಗಿದು ನಿಂತಿತು, ಬೈಕು ಅಡ್ಡ ಜಾರಿ ಅವನ ಪಾದದ ಮೇಲೆಯೇ ಬಿತ್ತು. ಹಿಂದಿನಿಂದ ಬಂದ ಟೆಂಪೋದವ ಬ್ರೇಕ್ ಹಾಕಿದ, ಆದರೆ ಆ ಪಾದ ಮುಟ್ಟುವ ಮೊದಲು ಟೆಂಪೋ ನಿಲ್ಲಲಿಲ್ಲ. ಪಾದಕ್ಕೆ ಮೂರು ಆಪರೇಷನ್ ಆಯಿತು. ಈಗಲೂ ಗೋಡೆ ಹಿಡಿದು ನಡೆಯುತ್ತಾನೆ. ಹೋಟೆಲಿನವರು ಒಳ್ಳೆಯವರು, ದುಡ್ಡಿನ ಗಲ್ಲೆಯಲ್ಲಿ ಕೂರಿಸಿದ್ದಾರೆ.

ಬೈಕನ್ನು ನಮ್ಮ ಅಂಗಳಕ್ಕೆ ತಂದು ಹಾಕಿದರು. ಇವರು ಚಕ್ರ ಬಿಚ್ಚಿ ಕ್ಯಾಮ್ ಹೊರಗೆ ತೆಗೆದರು. ಕಣ್ಣಿಗೆ ಹತ್ತಿರ ಹಿಡಿದರು, ಮತ್ತೆ ಹೆಬ್ಬೆರಳಿನಿಂದ ಸವರಿದರು. ಚಪ್ಪಟೆ ತುದಿಯ ಅಂಚು ಸಾಬೂನಿನ ಹಾಗೆ ಸವೆದು ಗುಂಡಗಾಗಿತ್ತು. ಗುಂಡಗಾದದ್ದು ತಿರುಗಬೇಕಾದಷ್ಟಕ್ಕಿಂತ ಹೆಚ್ಚು ತಿರುಗಿ ಅಲ್ಲಿಯೇ ಸಿಕ್ಕಿಕೊಂಡಿತ್ತು.

"ಹದ ಕೂತಿಲ್ಲ" ಎಂದರು. "ಎಣ್ಣೆಗೆ ಹಾಕುವಾಗ ಕೈ ತಡವಾಯ್ತು. ಕೆಂಪು ಆರಿತ್ತು. ನನಗೆ ಕಾಣಲಿಲ್ಲ."

"ಬಣ್ಣ ನಾನು ನೋಡಿದ್ದಲ್ವಾ? ಸರಿ ಇತ್ತು."

"ಬಣ್ಣ ಮೇಲಿನದ್ದು. ಒಳಗೆ ಆಗ್ಬೇಕಾದದ್ದು ಆಗಿರಲಿಲ್ಲ."

ಇವರು ಆಸ್ಪತ್ರೆಗೆ ಹೋಗಿ ಮಗನ ಮಂಚದ ಹತ್ತಿರ ನಿಂತು, "ತಪ್ಪು ನಂದು ಮಗಾ" ಎಂದರು. ಮಗ, "ಬಿಡಿ ಪಪ್ಪ, ರಸ್ತೆಯೇ ಹಾಗುಂಟು" ಎಂದ. ಸೊಸೆ ಬಿಡಲಿಲ್ಲ. "ಅಂಗಡಿಯಲ್ಲಿ ಸಿಗದಿದ್ರೆ ಗುಜರಿಗೆ ಹಾಕ್ಬೇಕಿತ್ತು ಮಾವ. ಮನೆಯಲ್ಲಿ ಮಾಡಿ ಹಾಕ್ಲಿಕ್ಕೆ ಅದು ಚಕ್ಕುಲಿಯಾ?" ಎಂದು ಎಲ್ಲರ ಮುಂದೆ ಕೇಳಿದಳು. ಇವರು ತಲೆಯಾಡಿಸಿದರು. ಅವಳು ಹೇಳಿದ್ದರಲ್ಲಿ ನನಗೂ ಸುಳ್ಳು ಕಾಣಲಿಲ್ಲ.

ಅಂದಿನಿಂದ ಇವರು ಲೇತಿನ ಮೇಲೆ ಹಾಕಿದ ಹಳೆಯ ಬೆಡ್‌ಶೀಟ್ ತೆಗೆಯಲಿಲ್ಲ. ಸೆಕ್ರೆಟರಿಯೇ ಬಂದು, "ಕಾಕಾ, ಆವಾಜ್ ಕಾ ನಾಹೀ?" ಎಂದು ಕೇಳಿದ. ಸದ್ದು ಯಾಕಿಲ್ಲ ಎಂದು. ಅವನಿಗೂ ಏನೋ ಕಡಿಮೆಯಾಗಿತ್ತು.

ನಮ್ಮ ಹೊಸ ವರ್ಷದ ಬಿಸು ಹಬ್ಬಕ್ಕೆ ಹಣ್ಣು ಕಾಯಿಯ ಕಣಿ ಇಡಬೇಕೆಂದು ದೇವರ ಗೂಡು ಒರೆಸುತ್ತಿದ್ದೆ. ಹಿಂದೆ ಒಂದು ಕೆಂಪು ಬಟ್ಟೆಯ ಗಂಟು. ಪೂಜೆಗೆ ಇಟ್ಟದ್ದನ್ನು ಬಿಸಾಡಬಾರದೆಂದು ನಾನು ಅಡಿಕೆ, ಅರಿಶಿನದ ಕೊಂಬು ಎಲ್ಲ ಕಟ್ಟಿಡುತ್ತೇನೆ. ಬಿಚ್ಚಿದರೆ ಅಡಿಕೆಯ ಜೊತೆ ಎರಡನೆಯ ಕ್ಯಾಮ್. ಕುಂಕುಮ ಒಣಗಿ ಅಂಟಿಕೊಂಡಿತ್ತು.

ಇವರ ಪೆಟ್ಟಿಗೆಯಿಂದ ಅರ ತಂದು ಉಜ್ಜಿದೆ. ಮೆತ್ತಗಿನ ಕಬ್ಬಿಣವನ್ನು ಅರ ಕಚ್ಚುತ್ತದೆ, ಹದ ಕೂತ ಉಕ್ಕಿನ ಮೇಲೆ ಜಾರುತ್ತದೆ. ಇದು ನನಗೆ ಇವರೇ ಕಲಿಸಿದ್ದು. ಜಾರಿತು. ಇನ್ನೊಮ್ಮೆ ಜೋರಾಗಿ ಒತ್ತಿದೆ. ಮತ್ತೂ ಜಾರಿತು. ಇವರ ಕೈ ತಡವಾಗಿರಲಿಲ್ಲ. ಇವರ ಕೆಲಸ ನನ್ನ ದೇವರ ಗೂಡಿನಲ್ಲಿ ಕೂತಿತ್ತು.

ಗಂಟು ಕಟ್ಟಿ ಅಲ್ಲಿಯೇ ಇಟ್ಟೆ. ಹೇಳಲಿಲ್ಲ. ಮಗನ ದುಃಖಕ್ಕೆ ಹೆದರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸೊಸೆಯ ಬಾಯಿಗೆ ಹೆದರಿದೆ. ಗೊತ್ತಾದರೆ ಅವಳು ಗಂಡನ ಕಾಲಿಗೆ ಎಣ್ಣೆ ಹಚ್ಚುವಾಗಲೆಲ್ಲ ನನ್ನ ಮುಖ ನೋಡುತ್ತಾಳೆ, ಮೊಮ್ಮಗಳನ್ನು ಕಳಿಸುವುದಿಲ್ಲ, ಇದೆಲ್ಲ ಒಂದೇ ಸಲ ತಲೆಗೆ ಬಂತು.

ಎಂಟು ದಿನ ಕಳೆದು ಕಲ್ಯಾಣದಿಂದ ಗುಜರಿಯವ ಬಂದ. ಇವರೇ ಕರೆಸಿದ್ದರು, ನನಗೆ ಹೇಳಿರಲಿಲ್ಲ. ಅವನ ಜನ ಹಗ್ಗ ಬಿಗಿಯುವಾಗ ಇವರು ಎಣ್ಣೆಬಟ್ಟೆ ತಂದು ಲೇತನ್ನು ಒರೆಸತೊಡಗಿದರು. ಹಲ್ಲುಗಾಲಿ, ಹಿಡಿ, ಎಲ್ಲ.

"ಕಾಕಾ, ಗಲಾನೇ ಕೋ ಲೇ ಜಾ ರಹಾ ಹೂಂ, ಮೇಕಪ್ ಕಾಯ್ಕೂ?" ಎಂದು ಗುಜರಿಯವ ನಕ್ಕ. ಕರಗಿಸಲು ಒಯ್ಯುವುದಕ್ಕೆ ಅಲಂಕಾರ ಯಾಕೆ ಎಂದು.

"ಆದತ್ ಹೈ" ಎಂದರು ಇವರು, ಅಭ್ಯಾಸ ಎಂದು. ಒರೆಸುವುದು ಮುಗಿಯುವವರೆಗೆ ಅವನನ್ನು ನಿಲ್ಲಿಸಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ಹೆಜ್ಜೆ ದೂರ. ಬಾಯಿ ತೆರೆದಿದ್ದರೆ ಲೇತ್ ಅಲ್ಲಿಯೇ ಉಳಿಯುತ್ತಿತ್ತು. ತೆರೆಯಲಿಲ್ಲ. ಟೆಂಪೋ ಹೋಯಿತು. ನೆಲದಲ್ಲಿ ನಾಲ್ಕು ಕಾಲಿನ ಗುರುತು ಉಳಿಯಿತು. ಅಲ್ಲಿ ಮತ್ತೆ ಬಟ್ಟೆ ಒಣಗಿಸಿದೆ.

ಮಳೆಗಾಲದಲ್ಲಿ ಅಡುಗೆಮನೆಯ ನಲ್ಲಿ ಸೋರತೊಡಗಿತು. ಒಂದು ವಾಷರ್ ಹಾಕುವ ಕೆಲಸ. ಇವರು ಪ್ಲಂಬರನ್ನು ಕರೆದರು. ಮೂವತ್ತು ವರ್ಷ ಲೇತ್ ಹಿಡಿದವರು, ಇಪ್ಪತ್ತು ವರ್ಷದ ಹುಡುಗ ಅವರ ಮುಂದೆ ನಲ್ಲಿ ಬಿಚ್ಚುವುದನ್ನು ಕೈ ಕಟ್ಟಿ ನೋಡಿದರು. ಅವನು ಉಲ್ಟಾ ತಿರುಗಿಸಿದ. ಇವರು ಅದನ್ನೂ ಹೇಳಲಿಲ್ಲ. ಅವನು ಹೋದ ಮೇಲೆ, "ನಿಮ್ಗೆ ಕೈ ಇಲ್ವಾ?" ಎಂದೆ ನಾನು.

"ಇದ್ದದ್ದು ಸಾಕು ಮಾರಾಯ್ತಿ" ಎಂದರು. "ಇನ್ನೊಬ್ಬರಿಗೆ ಎಂತಾದ್ರೂ ಆದೀತು."

ವಾಷರಿನಿಂದ ಯಾರಿಗೆ ಏನಾಗುತ್ತದೆ? ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. ಹುಣಸೆಹುಳಿ, ತಟ್ಟೆ, ಹೊಳೆಯುವುದನ್ನು ಎತ್ತಿ ಕೊಟ್ಟದ್ದು, ಎಲ್ಲ.

"ಸಮಾಧಾನ ಹೇಳ್ಲಿಕ್ಕೆ ಬರ್ಬೇಡ" ಎಂದರು.

"ನಲ್ವತ್ತೈದು ವರ್ಷದಲ್ಲಿ ಯಾವತ್ತಾದ್ರೂ ನಿಮ್ಗೆ ಸಮಾಧಾನ ಹೇಳಿದ್ದೇನಾ?"

ಗಂಟು ತಂದು ಬಿಚ್ಚಿ ಕ್ಯಾಮನ್ನೂ ಅರವನ್ನೂ ಅವರ ಕೈಯಲ್ಲಿಟ್ಟೆ. ಕಿಟಕಿಯ ಹತ್ತಿರ ಹೋಗಿ ಉಜ್ಜಿದರು. ಜಾರಿತು. ತುಂಬಾ ಹೊತ್ತು ಉಜ್ಜಿದರು, ಒಂದೇ ಜಾಗದಲ್ಲಿ.

"ಇದು ನಿಂಗೆ ಯಾವಾಗ ಸಿಕ್ಕಿತು?"

"ಬಿಸುವಿಗೆ."

"ಲೇತ್ ಹೋದದ್ದು ಅದರ ನಂತರ."

"ಹೌದು."

ಅರಕ್ಕೆ ಅಂಟಿದ ಕುಂಕುಮವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆನೋ ಏನೋ. ಊಟ ಬಡಿಸಿದರೆ ಉಂಡರು. ಕೈ ತೊಳೆದು ಬಂದು, "ಯಾರಿಗೂ ಹೇಳ್ಬೇಡ" ಎಂದರು. "ಗೊತ್ತಾದ್ರೆ ಸೊಸೆ ನಿನ್ನನ್ನು ಹೊಸ್ತಿಲು ದಾಟಿಸ್ಲಿಕ್ಕಿಲ್ಲ. ನನ್ನ ಹೆಸರು ಹೇಗೂ ಹೋಗಿಯಾಯ್ತು. ಇಬ್ಬರದ್ದು ಯಾಕೆ?"

ನಾನು ಹೂಂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಇವರಿಗೆ ಚಹಾ ಮಾಡಿಟ್ಟು, ಇವರು ಏಳುವ ಮೊದಲೇ ಠಾಕುರ್ಲಿಯಲ್ಲಿ ಸ್ಲೋ ರೈಲುಗಾಡಿ ಹತ್ತಿದೆ. ಲೇಡೀಸ್ ಡಬ್ಬದಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಠಾಣೆಯಲ್ಲಿ ಇಳಿದು ನೌಪಾಡಾದವರೆಗೆ ನಡೆದೆ. ಬಾಗಿಲು ತೆರೆದದ್ದು ಸೊಸೆ. "ಅತ್ತೆ, ಇಷ್ಟು ಬೆಳಿಗ್ಗೆ? ಮಾವನಿಗೆ ಎಂತಾದ್ರೂ ಆಯ್ತಾ?" ಎಂದು ಕೇಳಿದಳು. ಗಂಡನನ್ನು ಕರಿ, ನೀನೂ ನಿಲ್ಲು ಎಂದೆ. ಮಗ ಗೋಡೆ ಹಿಡಿದು ಬಂದ. ಒಳಗೆ ಬಾ ಎಂದ. ನಾನು ಹೋಗಲಿಲ್ಲ. ಕಾಲಿನ ಚಪ್ಪಲಿ ಬಿಡದೆ, ಹೊಸ್ತಿಲಿನ ಹೊರಗೇ ನಿಂತು, ಪಪ್ಪ ಮಾಡಿದ್ದು ಸರಿ ಇತ್ತು, ನಿನ್ನ ಕೈಗೆ ಬೇರೆಯದನ್ನು ಕೊಟ್ಟವಳು ನಾನು ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದೆ.